ಬೀಜದ ಎಣ್ಣೆ, ಎಲೆಯ ಎಣ್ಣೆ

ಸರ್ಪಸುತ್ತು ಮಾಯ್ದ ಮೇಲೂ ಅದರ ಉರಿ ಮೈಯಲ್ಲೇ ಬಿಡಾರ ಹೂಡಿ ಕೂರಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ. ಗುಳ್ಳೆ ಒಣಗಿತು, ಹಕ್ಕಳೆ ಉದುರಿತು, ಕಲೆ ಮಾಸುತ್ತ ಬಂತು. ನೋಡಿದವರೆಲ್ಲ ಗುಣ ಆಯಿತಲ್ಲ ಎಂದರು. ಗುಣ ಆಗಿರಲಿಲ್ಲ. ಎಡ ಪಕ್ಕೆಯಿಂದ ಬೆನ್ನಿನವರೆಗೆ ಅಂಗೈ ಅಗಲದ ಒಂದು ಪಟ್ಟಿ ಉಳಿದಿತ್ತು. ಅದರ ಮೇಲೆ ಬನಿಯನ್ನಿನ ನೂಲು ಸವರಿದರೂ ಸಾಕು, ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಚುರ್ರೆನ್ನುತ್ತಿತ್ತು. ಹೊರಗಿನಿಂದ ನೋಡಿದರೆ ಏನೂ ಇಲ್ಲ. ಏನೂ ಇಲ್ಲದ ಜಾಗವನ್ನು ತೋರಿಸಿ ಉರಿ ಎಂದರೆ ಮನೆಯವರೇ ಒಂದು ಕ್ಷಣ ಮುಖ ನೋಡುತ್ತಾರೆ. ಹಾಗೆ ನೋಡಿಸಿಕೊಂಡು ಕೂತವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು: ನೀವು ನಾಟಕ ಮಾಡುತ್ತಿಲ್ಲ. ಅದು ನಿಜವಾದ ಉರಿ. ನಾನು ಉಂಡಿದ್ದೇನೆ.

ನಾನು ಆರನೆಯ ಕ್ಲಾಸಿಗೆ ಶಾಲೆ ಬಿಟ್ಟು ಮುಂಬೈಗೆ ಬಂದವನು. ಕಪ್ಪು ಬಸಿ ತೊಳೆದೆ, ಟೇಬಲ್ ಒರೆಸಿದೆ, ಕಾವಲಿಯ ಮುಂದೆ ನಿಂತೆ, ಕೊನೆಗೆ ಗಲ್ಲಾದಲ್ಲಿ ಕೂತೆ. ಒಂದೊಂದು ಮೆಟ್ಟಿಲನ್ನೂ ನನ್ನ ಕಾಲಿನಲ್ಲೇ ಹತ್ತಿದ್ದೇನೆ, ಯಾರ ಹೆಗಲನ್ನೂ ಹಿಡಿದಿಲ್ಲ. ಈಗ ಸಯನ್ ಸ್ಟೇಷನ್ನಿನಿಂದ ಸ್ವಲ್ಪ ಒಳಗೆ ಒಂದು ವೆಜ್ ಹೋಟೆಲನ್ನು ಕಂಡಕ್ಟ್ ಮೇಲೆ ನಡೆಸುತ್ತೇನೆ. ಅಂದರೆ ಜಾಗ ಸೇಠರದ್ದು, ಬೋರ್ಡೂ ಅವರದ್ದೇ. ಒಲೆ ಹಚ್ಚುವುದರಿಂದ ಷಟರ್ ಎಳೆಯುವವರೆಗಿನ ಜವಾಬ್ದಾರಿ ನನ್ನದು. ಅವಧಿ ಮುಗಿದಾಗ ಸೇಠರು ಮನಸ್ಸು ಮಾಡಿದರೆ ನಮಗೇ ಮುಂದುವರಿಸುತ್ತಾರೆ, ಇಲ್ಲದಿದ್ದರೆ ಬೇರೆ ಪಾರ್ಟಿಗೆ ಕೊಡುತ್ತಾರೆ. ಈ ವ್ಯವಹಾರದಲ್ಲಿ ಯಾರೂ ಬರೆದಿಡದ ಒಂದು ಷರತ್ತು ಉಂಟು. ನಡೆಸುವವನ ಮುಖ ಗಲ್ಲಾದಲ್ಲಿ ಕಾಣಬೇಕು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ಗಂಧ, ಬಂದವರಿಗೆ ನಮಸ್ಕಾರ. ಮುಖ ಕಾಣದ ಹೋಟೆಲು ಯಜಮಾನನಿಲ್ಲದ ದೋಣಿ ಎಂದು ಈ ಊರಿನ ಎಲ್ಲ ಸೇಠರಿಗೂ ಗೊತ್ತು. ನಮ್ಮ ಜಯಂತಿಭಾಯಿ ಸೇಠರು ಬೆಳಗಿನ ವಾಕಿಂಗ್ ಮುಗಿಸಿ ಬಂದು ಬಾಗಿಲ ಪಕ್ಕದ ಟೇಬಲಿನಲ್ಲಿ ಅರ್ಧ ಚಹಾ ಕುಡಿಯುತ್ತಾರೆ. ಚಹಾ ಒಂದು ನೆಪ. ಅವರು ನೋಡುವುದು ಗಲ್ಲಾವನ್ನು.

ಆ ವರ್ಷ ನನ್ನ ಅವಧಿ ದೀಪಾವಳಿಗೆ ಮುಗಿಯುವುದಿತ್ತು. ಸರ್ಪಸುತ್ತು ಬಂದದ್ದು ಮೇ ತಿಂಗಳ ಸೆಕೆಯಲ್ಲಿ. ಅಂಗಿ ತೊಡಲಾಗದ ಮನುಷ್ಯ ಗಲ್ಲಾದಲ್ಲಿ ಹೇಗೆ ಕೂರುತ್ತಾನೆ? ನನ್ನ ಕಾಯಿಲೆಯ ಕಥೆ ಎಂದರೆ ಇಷ್ಟೇ: ದೀಪಾವಳಿಯ ಒಳಗೆ ನಾನು ಮತ್ತೆ ಒಂದು ಅಂಗಿ ತೊಡಬೇಕಿತ್ತು.

ಮೊದಲು ಬೆವರುಸಾಲೆ ಎಂದುಕೊಂಡೆ. ಅಡುಗೆಮನೆಯಲ್ಲಿ ಬೆಂದವರಿಗೆ ಅದೇನು ಹೊಸತಲ್ಲ. ಗುಳ್ಳೆಗಳು ಸಾಲಾಗಿ ಬಂದಾಗ ನನ್ನ ಹೆಂಡತಿ ಗಿರಿಜಾ ಊರಿಗೆ ಫೋನ್ ಮಾಡಿದಳು. ನಾಗನದ್ದು ಏನೋ ಬಾಕಿ ಉಂಟು ಎಂದು ಅಲ್ಲಿಂದ ಉತ್ತರ ಬಂತು. ನಾವಿರುವ ಆಂಟಾಪ್ ಹಿಲ್ ಕಾಲೊನಿಯಲ್ಲೇ ಕೆಮ್ಮಣ್ಣು ಅರೆದು ಸುತ್ತ ಗೆರೆ ಎಳೆಯುವ ಒಬ್ಬ ಹಿರಿಯರಿದ್ದಾರೆ. ಗುಳ್ಳೆಯ ಸಾಲಿನ ಎರಡು ತುದಿ ಒಂದಕ್ಕೊಂದು ಕೂಡದ ಹಾಗೆ ಅವರು ಗೆರೆ ಎಳೆದರು. ಮಣ್ಣು ತಂಪಾಗಿತ್ತು, ಸುಳ್ಳು ಹೇಳುವುದಿಲ್ಲ. ಮಗಳು ಶ್ರುತಿ ವಿಲೆ ಪಾರ್ಲೆಯಲ್ಲಿ ಕಾಲೇಜು ಓದುತ್ತಾಳೆ. ಅವಳ ಕನ್ನಡ ಅರ್ಧಕ್ಕೆ ನಿಂತು ಹಿಂದಿ ಹತ್ತಿಕೊಳ್ಳುತ್ತದೆ. "ಪಪ್ಪಾ, ಇದು ವೈರಸ್ ಹೈ. ಡಾಕ್ಟರ್ ಹತ್ರ ಚಲೋ ನಾ," ಎಂದು ದಿನಾ ಹಿಂದೆ ಬಿದ್ದಳು. ನಾನು ಹೋದದ್ದು ತಡವಾಗಿ. ಮೊದಲೇ ಮಾತ್ರೆ ಶುರು ಮಾಡಿದ್ದರೆ ಇಷ್ಟು ಉಳಿಯುತ್ತಿರಲಿಲ್ಲವೇನೋ ಎಂದು ಡಾಕ್ಟರು ಆಮೇಲೆ ಹೇಳಿದರು. ಮಣ್ಣು ಬೇಕಾದವರು ಹಚ್ಚಿಕೊಳ್ಳಿ, ಆದರೆ ಅದೇ ದಿನ ಡಾಕ್ಟರಿಗೂ ತೋರಿಸಿ. ನನ್ನದು ಅಷ್ಟೇ ಸಲಹೆ.

ಜೂನ್ ಪೂರ್ತಿ ಮನೆಯಲ್ಲಿ ಬರಿ ಮೈಯಲ್ಲಿ ಕೂತೆ. ಫ್ಯಾನಿನ ಗಾಳಿಯೂ ತಡೆಯುತ್ತಿರಲಿಲ್ಲ, ಫ್ಯಾನಿಲ್ಲದೆ ಸೆಕೆಯೂ ತಡೆಯುತ್ತಿರಲಿಲ್ಲ. ನರದ ಉರಿಗೆ ಎಂದು ಕೊಟ್ಟ ಮಾತ್ರೆ ತಿಂದರೆ ಉರಿ ಇದ್ದಲ್ಲೇ ಇದ್ದು ನಾನೊಬ್ಬನೇ ನಿದ್ದೆ ಹೋಗುತ್ತಿದ್ದೆ. ಎದ್ದರೆ ತಲೆ ತಿರುಗಿ ಗೋಡೆ ಹಿಡಿಯಬೇಕು. ಆಗ ಗಿರಿಜಾ ಹೋಟೆಲಿಗೆ ಹೋಗಲು ಶುರು ಮಾಡಿದಳು. ಅಲ್ಲಿಯವರೆಗೆ ಅವಳು ಗಲ್ಲಾದಲ್ಲಿ ಕೂತವಳಲ್ಲ, ನಾನು ಕೂರಿಸಿದವನೂ ಅಲ್ಲ. "ಸುಮ್ಮನೆ ಕೂತರೆ ಸಾಕು, ಉಳಿದದ್ದು ವಾಸಣ್ಣ ನೋಡುತ್ತಾನೆ," ಎಂದು ಹೇಳಿ ಕಳಿಸಿದೆ. ವಾಸಣ್ಣ ನಮ್ಮ ಮುಖ್ಯ ಅಡುಗೆಯವ, ನನ್ನ ಜೊತೆಗೇ ಕಪ್ಪು ತೊಳೆದವ.

ನೋವಿಗೆಂದೇ ಇರುವ ಡಾಕ್ಟರರನ್ನು ಹುಡುಕಿದ್ದು ಶ್ರುತಿ, ಅವಳ ಕಾಲೇಜಿನ ಹತ್ತಿರವೇ. ಆ ಕ್ಲಿನಿಕ್ಕಿನ ಕಾಯುವ ಕೋಣೆಯನ್ನು ನಾನು ಮರೆಯುವುದಿಲ್ಲ. ಹೊರಗೆ ಬೆವರು ಸುರಿಯುವ ಹವೆ, ಒಳಗೆ ಜನ ತುಂಬಿದ್ದಾರೆ, ಫ್ಯಾನ್ ನಿಂತಿದೆ, ಯಾರೂ ಹಾಕಿ ಎನ್ನುವುದಿಲ್ಲ. ಒಬ್ಬರು ತಮ್ಮ ಬಲಗೈಯನ್ನು ಕೂಸಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡಿದ್ದರು. ಒಬ್ಬ ಹೆಂಗಸು ಕೆನ್ನೆಗೆ ಸೆರಗು ತಾಗದ ಹಾಗೆ ಎರಡು ಬೆರಳಲ್ಲಿ ದೂರ ಹಿಡಿದಿದ್ದರು. ನಾನು ಅಂಗಿಯ ಎಡಭಾಗವನ್ನು ಮುಷ್ಟಿಯಲ್ಲಿ ಎಳೆದು ಹಿಡಿದು ಲೋಕಲ್‌ನಲ್ಲಿ ಬಂದವನು. ಗಾಡಿಯಲ್ಲಿ ಜನ ನನ್ನನ್ನು ವಿಚಿತ್ರವಾಗಿ ನೋಡಿದ್ದರು. ಇಲ್ಲಿ ಯಾರೂ ನೋಡಲಿಲ್ಲ. ಹೊಸದಾಗಿ ಒಳಗೆ ಬಂದ ಒಬ್ಬ ಹುಷಾರಿನ ಮನುಷ್ಯ ಫ್ಯಾನಿನ ಸ್ವಿಚ್ಚಿಗೆ ಕೈ ಹಾಕಿದಾಗ ಕೋಣೆ ಪೂರ್ತಿ ಒಂದೇ ದನಿಯಲ್ಲಿ ಬೇಡ ಎಂದಿತು. ಆಮೇಲೆ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಕಾಯಿಲೆ ಬಂದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಡಾಕ್ಟರಮ್ಮ ಮೈಸೂರು ಕಡೆಯವರು. ನನ್ನ ಮಾತು ಕೇಳಿ ಮಂಗಳೂರಾ ಉಡುಪಿಯಾ ಎಂದು ಕೇಳಿ ಕನ್ನಡದಲ್ಲೇ ಮಾತಾಡಿದರು. ಎಲ್ಲ ಕೇಳಿದ ಮೇಲೆ, "ಈಗ ತಗೋತಿರೋ ಮಾತ್ರೆ ಕಮ್ಮಿ ಮಾಡೋಣ. ಜೊತೆಗೆ ವಿಜಯಾ ಅಂತ ಒಂದಿದೆ, ಆಯುರ್ವೇದದ್ದು. ಅದನ್ನ ಕೊಟ್ಟು ನೋಡೋಣ," ಎಂದರು.

"ವಿಜಯಾ ಅಂದರೆ ಎಂಥದು?"

"ಭಂಗಿ ಸೊಪ್ಪು. ಅದರ ಸಾರ ತೆಗೆದು ಎಣ್ಣೆಯಲ್ಲಿ ಮಾಡಿರ್ತಾರೆ."

ನಾನು ಕುರ್ಚಿಯಿಂದ ಎದ್ದೆ. "ಡಾಕ್ಟ್ರೇ, ಹೋಟೆಲಿನ ಹಿಂದೆ ಗಾಂಜಾ ಸೇದಿದ ಒಬ್ಬನನ್ನು ನಿಂತ ಕಾಲಲ್ಲೇ ಊರಿಗೆ ಕಳಿಸಿದವ ನಾನು. ನನಗೇ ಭಂಗಿಯಾ?"

"ಕೂತ್ಕೊಳ್ಳಿ. ಸೇದಿ ಅಂತ ನಾನೇನು ಹೇಳಲಿಲ್ಲವಲ್ಲ. ಅಳತೆ ಹನಿ ಅದು. ಎಲ್ಲರಿಗೂ ಗುಣ ಕಾಣುತ್ತೆ ಅಂತ ಮಾತು ಕೊಡಲ್ಲ. ಕೆಲವರಿಗೆ ಕಾಣುತ್ತೆ. ನೀವು ದೀಪಾವಳಿ ಒಳಗೆ ಅಂಗಿ ಹಾಕ್ಬೇಕು ತಾನೆ?"

ಕೂತೆ. ಚೀಟಿ ಬರೆದದ್ದು ಅದೇ ಕ್ಲಿನಿಕ್ಕಿನಲ್ಲಿ ವಾರಕ್ಕೆರಡು ಸಲ ಬರುವ ಆಯುರ್ವೇದದ ವೈದ್ಯರು. ಒಂದು ಹನಿಯಿಂದ ಶುರು, ಕ್ಲಿನಿಕ್ಕಿನವರು ಫೋನ್ ಮಾಡಿ ಕೇಳಿ ಮೆಲ್ಲಗೆ ಏರಿಸುತ್ತಾರೆ, ತಾನಾಗಿ ಏರಿಸಬಾರದು, ತಗೊಂಡು ಗಾಡಿ ಓಡಿಸಬಾರದು. ಚೀಟಿ ಹಿಡಿದು ಮೊದಲ ಮೆಡಿಕಲ್ ಅಂಗಡಿಗೆ ಹೋದರೆ ಅವನು ಅದನ್ನು ಮಡಿಸಿ ಕೊಟ್ಟು ಇದೆಲ್ಲ ನಾವು ಇಡುವುದಿಲ್ಲ ಎಂದ, ಸುತ್ತ ನಿಂತವರಿಗೂ ಕೇಳುವ ಹಾಗೆ. ಎರಡನೆಯವನು "ಹೋಳಿ ಸಂಪಲೀ, ಕಾಕಾ," ಎಂದು ನಕ್ಕ. ಭಂಗಿ ಕುಡಿಯುವ ಹೋಳಿ ಮುಗಿಯಿತಂತೆ. ಈ ಊರಲ್ಲಿ ಇಷ್ಟು ವರ್ಷ ಯಾರ ಬಾಯಲ್ಲೂ ಹಾಗೆ ಅನ್ನಿಸಿಕೊಂಡವನಲ್ಲ ನಾನು. ಕೊನೆಗೆ ಶ್ರುತಿ ಅದನ್ನು ಮಾಡುವ ಕಂಪನಿಗೆ ಫೋನಿನಲ್ಲೇ ಚೀಟಿಯ ಫೋಟೋ ಕಳಿಸಿ, ಅವರ ಕಡೆಯ ವೈದ್ಯರೊಬ್ಬರು ನನ್ನ ಹತ್ತಿರ ಮಾತಾಡಿ, ಬಾಟ್ಲಿ ಕೊರಿಯರಿನಲ್ಲಿ ಬಂತು.

ಇನ್ನು ನನ್ನ ಬುದ್ಧಿವಂತಿಕೆ ಕೇಳಿ.

ಹೋಟೆಲಿನವನು ಯಾವ ಬಾಟ್ಲಿ, ಯಾವ ಪ್ಯಾಕೆಟ್ಟು ಕೈಗೆ ಬಂದರೂ ಮೊದಲು ಹೆಸರು ಓದುವುದಿಲ್ಲ. ತಿರುಗಿಸಿ ಹಿಂದೆ ನೋಡುತ್ತಾನೆ. ಫುಡ್ ಲೈಸೆನ್ಸ್ ನಂಬರ್ ಉಂಟಾ? ವೆಜ್ಜಿನ ಹಸಿರು ಚುಕ್ಕೆ ಉಂಟಾ? ಅದಿಲ್ಲದ ಸಾಮಾನು ಅಡುಗೆಮನೆಯ ಹೊಸಿಲು ದಾಟಬಾರದು. ಇನ್‌ಸ್ಪೆಕ್ಷನ್‌ಗೆ ಬಂದವರು ಅದನ್ನೇ ಕೇಳುವುದು. ನಂಬರ್ ಇಲ್ಲವೆಂದು ನಾನು ಟೆಂಪೊದಲ್ಲಿ ಬಂದ ಮಸಾಲೆಯ ಮೂಟೆಗಳನ್ನೇ ವಾಪಸು ಕಳಿಸಿದ್ದೇನೆ. ನನಗೆ ಇಂಗ್ಲಿಷ್ ಪೇಪರ್ ಓದಲು ಬರದಿರಬಹುದು, ಲೇಬಲ್ ಓದಲು ಯಾರೂ ಕಲಿಸಬೇಕಾಗಿಲ್ಲ.

ಆ ಬಾಟ್ಲಿಯನ್ನು ತಿರುಗಿಸಿದೆ. ಫುಡ್ ಲೈಸೆನ್ಸ್ ಇಲ್ಲ. ಹಸಿರು ಚುಕ್ಕೆ ಇಲ್ಲ. ಇನ್ಯಾವುದೋ ರಾಜ್ಯದ ಇನ್ಯಾವುದೋ ನಂಬರು, ವೈದ್ಯರ ಮೇಲ್ವಿಚಾರಣೆಯಲ್ಲೇ ತೆಗೆದುಕೊಳ್ಳಿ ಎಂಬ ಎಚ್ಚರಿಕೆ, ಮೇಲೆ ಒಂದು ಎಲೆಯ ಚಿತ್ರ. ಇದು ಬೋಗಸ್ ಎಂದು ಗಿರಿಜಾಳಿಗೆ ಹೇಳಿದೆ. ನಾವು ಮನೆಯಲ್ಲಿ ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಡಾಕ್ಟರು ಬರೆದದ್ದಲ್ಲವಾ?" ಎಂದಳು.

"ಡಾಕ್ಟರಿಗೆ ರೋಗ ಗೊತ್ತುಂಟು. ಲೈಸೆನ್ಸ್ ಗೊತ್ತಿಲ್ಲ."

ಲೈಸೆನ್ಸಿನ ವಿಷಯದಲ್ಲಿ ನನ್ನ ಮಾತಿಗೆ ಮನೆಯಲ್ಲಿ ಎದುರಿಲ್ಲ. ಬಾಟ್ಲಿ ಕಪಾಟಿನಲ್ಲಿ ಬಟ್ಟೆಗಳ ಹಿಂದೆ ಹೋಯಿತು. ಹೆಂಪ್ ಎಂದರೂ ಅದೇ ಭಂಗಿ ಗಿಡ ಎಂದು ಶ್ರುತಿ ಒಮ್ಮೆ ಹೇಳಿದ್ದಳು. ಪಾರ್ಲೆಯಲ್ಲಿ, ಸಿರಿಧಾನ್ಯ, ಬೆಲ್ಲದ ಪುಡಿ ಎಲ್ಲ ಚಂದದ ಡಬ್ಬಿಯಲ್ಲಿ ಮಾರುವ ಒಂದು ಅಂಗಡಿಯಲ್ಲಿ ಹೆಂಪ್ ಸೀಡ್ ಆಯಿಲ್ ಕಂಡಿತು. ತಿರುಗಿಸಿದೆ. ಫುಡ್ ಲೈಸೆನ್ಸ್ ಉಂಟು. ಹಸಿರು ಚುಕ್ಕೆ ಉಂಟು. ಚೀಟಿ ಕೇಳಲಿಲ್ಲ, ಯಾರೂ ನಗಲೂ ಇಲ್ಲ. ಬಾಟ್ಲಿ ದೊಡ್ಡದು ಬೇರೆ. ಅಸಲಿ ಸಿಕ್ಕಿತು ಎಂದು ಎದೆಯುಬ್ಬಿಸಿ ಮನೆಗೆ ತಂದೆ.

ಒಂದು ಹನಿ ನಾಲಗೆಯ ಅಡಿಯಲ್ಲಿ. ಮರುವಾರ ಎರಡು. ಕ್ಲಿನಿಕ್ಕಿನ ಹುಡುಗಿ ಫೋನ್ ಮಾಡಿ ತಲೆ ಸುತ್ತುತ್ತದಾ, ಬಾಯಿ ಒಣಗುತ್ತದಾ ಎಂದು ಕೇಳುತ್ತಿದ್ದಳು. ಏನೂ ಇಲ್ಲಮ್ಮ ಎನ್ನುತ್ತಿದ್ದೆ. ಉರಿ ಕಡಿಮೆಯಾ? ಒಂದು ಚೂರು ಕಡಿಮೆ ಇದ್ದ ಹಾಗೆ ಉಂಟು ಎನ್ನುತ್ತಿದ್ದೆ, ಯಾಕೆಂದರೆ ಆಗಬೇಕೆಂದು ನನಗೆ ಆಸೆ ಇತ್ತು. ಅವಳು ಡಾಕ್ಟರರನ್ನು ಕೇಳಿ ಹನಿ ಏರಿಸುತ್ತಿದ್ದಳು. ಎಂಟು ಹನಿಯವರೆಗೆ ಬಂದರೂ ನನ್ನ ತಲೆ ಕಂಬದ ಹಾಗೆ ನಿಂತಿತ್ತು. ಭಂಗಿಯನ್ನೂ ಜೀರ್ಣಿಸಿಕೊಳ್ಳುವ ದೇಹ ಇದು, ದುಡಿದ ದೇಹ ಎಂದು ಗಿರಿಜಾಳ ಹತ್ತಿರ ಜಂಬ ಕೊಚ್ಚಿದೆ. ವಾಸಣ್ಣ ಮನೆಗೆ ಬಂದಾಗ ಒಂದು ಹನಿ ನೆಕ್ಕಿ ನೋಡಿ, "ಅಣ್ಣ, ಇದು ಹುಚ್ಚೆಳ್ಳಿನ ಅಣ್ಣತಮ್ಮನ ಹಾಗೆ ಉಂಟಲ್ಲ. ಚಟ್ನಿಪುಡಿಗೆ ಚಂದ ಆದೀತು," ಎಂದ. ಅಡುಗೆಯವನ ನಾಲಗೆ ನಿಜ ಹೇಳುತ್ತಿತ್ತು. ನಾನು ಕೇಳಲಿಲ್ಲ.

ಆ ದಿನ ವಾಸಣ್ಣ ಬಂದದ್ದು ಎಣ್ಣೆಯ ರುಚಿ ನೋಡಲು ಅಲ್ಲ. ಸೇಠರು ಒಬ್ಬ ಪಾರ್ಟಿಯನ್ನು ಕರೆದುಕೊಂಡು ಬಂದಿದ್ದರಂತೆ.

"ಇಡ್ಲಿಗೆ ಹೇಳಿದ. ತಿನ್ನಲಿಲ್ಲ. ತಲೆ ಎತ್ತಿ ಫ್ಯಾನ್ ಎಣಿಸಿದ, ಆಮೇಲೆ ಕಿಚನ್ನಿನ ಬಾಗಿಲಲ್ಲಿ ನಿಂತು ಚಿಮಣಿ ನೋಡಿದ. ತಿನ್ನಲಿಕ್ಕೆ ಬಂದವ ಫ್ಯಾನ್ ಎಣಿಸುವುದಿಲ್ಲ, ಅಣ್ಣ."

ನಾನು ಸೇಠರಿಗೆ ಫೋನ್ ಮಾಡಿದೆ. ಅವರು ಪ್ರೀತಿಯಿಂದಲೇ ಮಾತಾಡಿದರು. "ತಬಿಯತ್ ಪಹಲೇ, ಸದಾನಂದ್. ಹೋಟೆಲ್ ತೋ ಚಲತೀ ರಹೇಗೀ." ಆರೋಗ್ಯ ಮೊದಲು, ಹೋಟೆಲು ಹೇಗೂ ನಡೆಯುತ್ತಿರುತ್ತದೆ. ಯಾರು ನಡೆಸುತ್ತಾರೆ ಎಂದು ಹೇಳಲಿಲ್ಲ. ಗಣಪತಿ ಮುಗಿದಿತ್ತು. ದೀಪಾವಳಿ ಕಣ್ಣೆದುರಿಗೆ ಬಂದು ನಿಂತಿತು. ಆ ವಾರ ಇಸ್ತ್ರಿಯ ಅಂಗಿಯನ್ನು ತೊಟ್ಟು ಹಲ್ಲು ಕಚ್ಚಿ ಕೂರಲು ನೋಡಿದೆ. ಬಟನ್ ಹಾಕಿ ಮುಗಿಸುವ ಮೊದಲೇ ಕಣ್ಣಲ್ಲಿ ನೀರು ಬಂತು. ಗಿರಿಜಾ ಬಟನ್ ಬಿಚ್ಚಿದಳು.

ಮುಂದಿನ ಭೇಟಿಗೆ ಬಾಟ್ಲಿ ತನ್ನಿ ಎಂದಿದ್ದರು. ಎಂಟು ಹನಿಗೂ ಏನೂ ಆಗದ ಮನುಷ್ಯನ ಬಗ್ಗೆ ಡಾಕ್ಟರಮ್ಮನಿಗೆ ಅನುಮಾನ ಬಂದಿತ್ತು. ನಾನು ನನ್ನ ದೊಡ್ಡ ಬಾಟ್ಲಿಯನ್ನು ಮೇಜಿನ ಮೇಲೆ ಇಟ್ಟೆ. ಅವರು ಅದನ್ನು ತಿರುಗಿಸಲಿಲ್ಲ, ಮುಂಬದಿಯ ಹೆಸರನ್ನೇ ಓದಿದರು.

"ಸದಾನಂದ ಅವರೇ, ಇದು ಅಡುಗೆ ಎಣ್ಣೆ."

"ಅದೇ ಗಿಡದ್ದಲ್ಲವಾ ಡಾಕ್ಟ್ರೇ? ಫುಡ್ ಲೈಸೆನ್ಸ್ ಕೂಡ ಉಂಟು."

"ಇದೆಯಲ್ಲ, ಅದಕ್ಕೇ ಅಡುಗೆ ಎಣ್ಣೆ. ಇದು ಬೀಜದ್ದು. ಬೀಜದಲ್ಲಿ ಆ ಸತ್ವ ಇಲ್ಲ ಅಂತ್ಲೇ ಅದನ್ನ ತಿನ್ನೋ ಪದಾರ್ಥ ಅಂತ ಬಿಟ್ಟಿದ್ದಾರೆ, ಅದು ಫುಡ್‌ನೋರ ಕೈಲಿ. ನಿಮಗೆ ಬರೆದಿದ್ದು ಎಲೇದು. ಅದು ಔಷಧಿ, ಅದಕ್ಕೆ ಲೈಸೆನ್ಸ್ ಕೊಡೋ ಇಲಾಖೆ ಬೇರೆ, ಅದಕ್ಕೇ ಚೀಟಿ. ಹೂವು, ಅಂಟು ಅಂತ ಹೋದರೆ ಪೊಲೀಸ್‌ನೋರು. ಎಲೆ ವಿಷಯದಲ್ಲೂ ರಾಜ್ಯಕ್ಕೊಂದು ಥರ."

ಅವರು ನಗಲಿಲ್ಲ. ಅದೇ ದೊಡ್ಡ ಉಪಕಾರ. ಆದರೆ ನನಗೆ ನನ್ನ ಮೇಲೇ ನಗು ಬಂತು, ಯಾಕೆಂದರೆ ನಾನು ಪೂಜಾರಿ; ದೇವಸ್ಥಾನದ ಪೂಜಾರಿ ಅಲ್ಲ, ನಮ್ಮ ಕಡೆ ಕಳ್ಳಿನ ಕಸುಬಿನವರ ಕುಲದ ಹೆಸರು ಅದು. ನನ್ನ ತಂದೆ ಊರಲ್ಲಿ ಮೂರ್ತೆ ಮಾಡುತ್ತಿದ್ದರು, ತೆಂಗಿನ ಮರ ಹತ್ತಿ ಕಳ್ಳು ಇಳಿಸುತ್ತಿದ್ದರು. ಒಂದೇ ಮರ. ಎಳನೀರು ಇಳಿಸಿದರೆ ಕೇಳುವವರಿಲ್ಲ. ಕಳ್ಳು ಇಳಿಸಿದರೆ ಮರಕ್ಕೆ ನಂಬರು, ಅಬಕಾರಿಯವರ ಕಣ್ಣು. ಅದೇ ರಸವನ್ನು ಹುಳಿಯಾಗಲು ಬಿಡದೆ ಕಾಯಿಸಿ ಬೆಲ್ಲ ಮಾಡಿದರೆ ಅದು ಅಡುಗೆಮನೆಯ ಸಾಮಾನು. ಕೊಬ್ಬರಿ ಎಣ್ಣೆಯನ್ನು ಕಳ್ಳೆಂದು ಕುಡಿದು ಅಮಲು ಏರಲಿಲ್ಲ ಎಂದು ಜಂಬ ಪಟ್ಟವನ ಹಾಗಾಯಿತು ನನ್ನ ಕಥೆ. ಇದನ್ನೇ ಡಾಕ್ಟರಮ್ಮನಿಗೆ ಹೇಳಿದೆ. ಆಗ ಅವರು ನಕ್ಕರು. ಇಬ್ಬರೂ ನಕ್ಕೆವು.

ಕಪಾಟಿನ ಬಾಟ್ಲಿ ಹೊರಗೆ ಬಂತು. ಮತ್ತೆ ಒಂದು ಹನಿಯಿಂದ. ಎಂಟಕ್ಕೆ ಅಭ್ಯಾಸ ಆಗಿದೆ ಎಂದು ನೇರ ಎಂಟು ಹಾಕಿಕೊಂಡೀರಿ ಎಂದು ಡಾಕ್ಟರಮ್ಮ ಎರಡು ಸಲ ಎಚ್ಚರಿಸಿದ್ದರು. ಈ ಸಲ ಬಾಯಿ ಒಣಗಿತು. ಮೂರನೇ ಹನಿಗೆ ಬಂದಾಗ ಮಾತು ಸ್ವಲ್ಪ ತಡವಾಗಿ ಬಾಯಿಗೆ ಬರತೊಡಗಿತು. ಹೋಟೆಲಿನವನಿಗೆ ಅದು ಬೈಗುಳದ ಉಳಿತಾಯ ಎಂದಳು ಗಿರಿಜಾ. ಉರಿ ಹೋಗಲಿಲ್ಲ. ಹೋಯಿತು ಎಂದು ಬರೆದರೆ ಮೋಸ ಆಗುತ್ತದೆ. ಮೊದಲು ಮೈಮೇಲೆ ಕೂತಿದ್ದದ್ದು ಈಗ ಪಕ್ಕದ ಕುರ್ಚಿಯಲ್ಲಿ ಕೂತ ಹಾಗೆ ಆಯಿತು. ಕಡಿಮೆ ಮಾಡಿದ ಹಳೆ ಮಾತ್ರೆ, ಈ ಹನಿ, ಕಳೆದ ತಿಂಗಳುಗಳು, ಯಾವುದರಿಂದ ಎಷ್ಟು ಎಂದು ಡಾಕ್ಟರಮ್ಮನೂ ಹೇಳಲಿಲ್ಲ, ನಾನೂ ಹೇಳಲಾರೆ.

ಅಂಗಿಯ ದಾರಿ ತೋರಿಸಿದ್ದು ಗಿರಿಜಾ. ಸವರಿದರೆ ಉರಿ, ಒತ್ತಿದರೆ ಅಷ್ಟಿಲ್ಲ ಎಂದು ಅವಳು ಗಮನಿಸಿದ್ದಳು. ಒಗೆದು ಒಗೆದು ಮೆತ್ತಗಾದ ತನ್ನ ಹಳೆ ಸೀರೆಯನ್ನು ಹರಿದು ನನ್ನ ಎದೆಯ ಸುತ್ತ ಬಿಗಿಯಾಗಿ ಸುತ್ತಿದಳು, ಬಾಣಂತಿಗೆ ಸುತ್ತುವ ಹಾಗೆ. ಅದರ ಮೇಲೆ ಅಂಗಿ. ತಡೆಯಿತು. ಕನ್ನಡಿಯಲ್ಲಿ ನೋಡಿಕೊಂಡೆ. ಬಿಳಿ ಅಂಗಿಯ ಒಳಗೆ ಹಸಿರು ಸೀರೆ ಮಸುಕಾಗಿ ಕಾಣುತ್ತಿತ್ತು. ಕಾಣಲಿ ಎಂದೆ.

ಅಷ್ಟರಲ್ಲಿ ಬಾಟ್ಲಿ ಮುಗಿಯುತ್ತ ಬಂತು, ಹೊಸದು ಬರಲಿಲ್ಲ. ಕಾಗದಪತ್ರದ ಏನೋ ತಕರಾರಿನಿಂದ ಮಹಾರಾಷ್ಟ್ರಕ್ಕೆ ಕಳಿಸುವುದನ್ನು ಸದ್ಯಕ್ಕೆ ನಿಲ್ಲಿಸಿದ್ದೇವೆ ಎಂದು ಕಂಪನಿಯವರು ಶ್ರುತಿಗೆ ಹೇಳಿದರು. ಡಾಕ್ಟರಮ್ಮ ಬೇರೆ ಕಡೆ ವಿಚಾರಿಸುತ್ತೇನೆ ಎಂದರು. ನಾನು ಇದ್ದ ಹನಿಗಳನ್ನು ಜಿಪುಣನ ಹಾಗೆ ಬಳಸಿದೆ. ಒಂದು ಗಿಡದ ಎಲೆ ಯಾವ ಗಡಿ ದಾಟಬಹುದು ಎಂದು ಯಾವುದೋ ಆಫೀಸಿನಲ್ಲಿ ಯಾರೋ ತೀರ್ಮಾನಿಸುವವರೆಗೆ ಪಕ್ಕದ ಕುರ್ಚಿಯಲ್ಲಿದ್ದದ್ದು ಮತ್ತೆ ಹತ್ತಿರ ಹತ್ತಿರ ಜರುಗುತ್ತಿತ್ತು. ಕಾಯುವುದಕ್ಕೂ ಒಂದು ಉರಿ ಉಂಟು. ಅಂತೂ ಹೊಸ ಬಾಟ್ಲಿ ಹೊರಟಿದೆ ಎಂದು ಮೆಸೇಜು ಬಂತು. ಮನೆಯಲ್ಲಿ ಹಗಲು ಯಾರೂ ಇರುವುದಿಲ್ಲವೆಂದು ಶ್ರುತಿ ಹೋಟೆಲಿನ ವಿಳಾಸ ಕೊಟ್ಟಿದ್ದಳು.

ನಾನು ಗಲ್ಲಾಕ್ಕೆ ಮರಳಿ ಕೆಲವೇ ದಿನ ಆಗಿತ್ತು. ಬೆಳಗಿನ ಹೊತ್ತು ಮಾತ್ರ ಕೂರುತ್ತಿದ್ದೆ, ಗಿರಿಜಾ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡಿರುತ್ತಿದ್ದಳು. ಪಾರ್ಸೆಲ್ ಬಂತು. ಬಿಚ್ಚಿ ನೋಡಿ ಗಲ್ಲಾದ ಕೆಳಗಿನ ಡ್ರಾಯರಿನಲ್ಲಿ ಇಟ್ಟೆ. ಸೇಠರು ಬಂದು ಅರ್ಧ ಚಹಾ ತರಿಸಿಕೊಂಡರು, ನನ್ನ ಅಂಗಿ ನೋಡಿ ತಲೆಯಾಡಿಸಿದರು. ಅವರ ಚಹಾ ಮುಗಿಯುವ ಮೊದಲೇ ಫುಡ್ ಇನ್‌ಸ್ಪೆಕ್ಟರ್ ಒಳಗೆ ಬಂದರು. ವರ್ಷಕ್ಕೊಮ್ಮೆ ಬರುವವರೇ. ಅಡುಗೆಮನೆ ನೋಡಿದರು, ಫ್ರಿಜ್ ನೋಡಿದರು, ಕುಡಿಯುವ ನೀರು ನೋಡಿದರು. ಕೊನೆಗೆ ಗಲ್ಲಾದ ಹತ್ತಿರ ಬಂದು, ಇಲ್ಲೇನು ಇಡುತ್ತೀರಿ ಎಂದು ಡ್ರಾಯರ್ ಎಳೆದರು.

ಎಲೆಯ ಚಿತ್ರದ ಬಾಟ್ಲಿ ಅವರ ಕೈಯಲ್ಲಿತ್ತು. ಅವರು ಅದನ್ನು ತಿರುಗಿಸಿ ಹಿಂದೆ ನೋಡಿದರು. ಏನು ಹುಡುಕುತ್ತಿದ್ದಾರೆಂದು ನನಗೆ ಗೊತ್ತಿತ್ತು. ಸಿಗದು ಎಂದೂ ಗೊತ್ತಿತ್ತು. "ಹೇ ಕಾಯ್ ಆಹೇ?" ಎಂದರು. ಏನಿದು?

ಬಾಯಿ ತೆರೆದೆ. ನಾಲಗೆ ಅಂಗುಳಕ್ಕೆ ಅಂಟಿತ್ತು. ಔಷಧಿಯ ಒಣಗು ಅರ್ಧ, ಇನ್ನರ್ಧ ನನ್ನ ಮರ್ಯಾದೆ. ದೋಸೆ ತಿನ್ನುತ್ತಿದ್ದವರು ತಿರುಗಿ ನೋಡುತ್ತಿದ್ದರು. ಸೇಠರು ಬಸಿ ಕೆಳಗಿಟ್ಟರು. ನನ್ನ ಹೋಟೆಲಿನಲ್ಲಿ, ನನ್ನ ಗಲ್ಲಾದಲ್ಲಿ, ಇದು ಭಂಗಿ ಎಂದು ನಾನು ಹೇಗೆ ಹೇಳಲಿ?

ಗಿರಿಜಾ ಎದ್ದು ನಿಂತಳು. ಅವಳ ಮರಾಠಿ ಮಾರ್ಕೆಟ್ಟಿನಲ್ಲಿ ಕಲಿತದ್ದು, ಆದರೆ ಗಟ್ಟಿ. ಇವರ ಔಷಧಿ ಸಾಹೇಬ್, ಭಂಗಿ ಎಲೆಯದ್ದು, ಸರ್ಪಸುತ್ತಿನ ಉರಿಗೆ ಡಾಕ್ಟರು ಬರೆದದ್ದು, ಚೀಟಿ ಇಲ್ಲಿದೆ, ಈಗಷ್ಟೇ ಕೊರಿಯರ್ ಬಂತು, ಸೀಲ್ ಕೂಡ ಒಡೆದಿಲ್ಲ ಎಂದಳು. ದನಿ ತಗ್ಗಿಸಲಿಲ್ಲ. ಇದರಲ್ಲಿ ಫುಡ್ ನಂಬರ್ ಸಿಗುವುದಿಲ್ಲ, ಇದು ತಿನ್ನುವ ಸಾಮಾನಲ್ಲ, ನಮ್ಮ ಮನೆಯವರೂ ಅದನ್ನೇ ಹುಡುಕಿ ಒಂದು ಬಾಟ್ಲಿ ಅಡುಗೆ ಎಣ್ಣೆ ಕುಡಿದರು ಎಂದೂ ಸೇರಿಸಿದಳು. ಯಾರೋ ನಕ್ಕರು. ಇನ್‌ಸ್ಪೆಕ್ಟರ್ ನಗಲಿಲ್ಲ. ಯಾರಿಗೋ ಫೋನ್ ಮಾಡಿ, ಚೀಟಿಯನ್ನೂ ಲೇಬಲನ್ನೂ ಜೋಡಿಸಿ ಓದಿ ಹೇಳಿದರು. ಆಮೇಲೆ ಬಾಟ್ಲಿ ವಾಪಸು ಕೊಟ್ಟು, ಔಷಧಿ ನಮ್ಮ ಇಲಾಖೆಯದ್ದಲ್ಲ, ಆದರೆ ಆಹಾರದ ಜಾಗದಲ್ಲಿ ಇಡಬೇಡಿ, ನಿಮ್ಮ ಬ್ಯಾಗಿನಲ್ಲಿ ಚೀಟಿಯ ಜೊತೆ ಇಟ್ಟುಕೊಳ್ಳಿ ಎಂದರು. ಹೋಗುವಾಗ ನನ್ನ ಕಡೆ ತಿರುಗಿ, ತಮ್ಮ ತಾಯಿಗೂ ಹೀಗೇ ಉರಿ ಉಂಟು, ಆ ಡಾಕ್ಟರರ ಕ್ಲಿನಿಕ್ ಎಲ್ಲಿ ಎಂದು ಕೇಳಿದರು. ವಿಳಾಸ ಬರೆದುಕೊಟ್ಟದ್ದೂ ಗಿರಿಜಾಳೇ.

ಮರುದಿನ ಸೇಠರು ಪೂರ್ತಿ ಚಹಾ ಕುಡಿದರು. ನನ್ನನ್ನು ಟೇಬಲಿಗೆ ಕರೆದರು. ಕಂಡಕ್ಟ್ ಮುಂದುವರಿಸೋಣ, ಆ ಪಾರ್ಟಿಗೆ ಬೇಡ ಎಂದಿದ್ದೇನೆ ಎಂದರು. ನಾನು ಕೈ ಜೋಡಿಸುವಷ್ಟರಲ್ಲಿ ಮುಂದಿನ ಮಾತು ಬಂತು. "ನಾಮ್ ಭಾಭೀಜೀ ಕಾ ಡಾಲೇಂಗೇ."

ಹೆಸರು ನಿನ್ನ ಹೆಂಡತಿಯದ್ದು ಹಾಕೋಣ ಎಂದದ್ದು. ನಾಲ್ಕು ತಿಂಗಳಿಂದ ಗಲ್ಲಾದಲ್ಲಿ ತಾವು ನೋಡುತ್ತಿರುವ ಮುಖ ಅವಳದ್ದೇ ಎಂದರು. ನಾನು ಒಂದು ದಿನ ಕೊಡಿ ಎಂದೆ. ಮನೆಗೆ ಬಂದು ಗಿರಿಜಾಳಿಗೆ, ನೀನು ಒಪ್ಪಬೇಡ ಎಂದೆ. ಕಪ್ಪು ತೊಳೆದಲ್ಲಿಂದ ಹತ್ತಿಕೊಂಡು ಬಂದ ಮೆಟ್ಟಿಲು ಇದು, ಉರಿ ಇದ್ದರೂ ನಾನು ಅಂಗಿ ತೊಟ್ಟು ಕೂತಿಲ್ಲವಾ ಎಂದೆ. ಇನ್ನೂ ಏನೇನೋ ಹೇಳಿದೆ. ಅವಳು ನನ್ನ ಎದೆಗೆ ಸುತ್ತಿದ ಸೀರೆಯನ್ನು ಬಿಚ್ಚಿ ಮ‌ಡಚುತ್ತಿದ್ದಳು.

"ನೀವು ಬೇಡ ಎಂದರೆ ಬೇಡ," ಎಂದಳು. "ಆದರೆ ನಮ್ಮ ಕಡೆ ಮನೆತನವೇ ಹೆಂಗಸಿನ ಹೆಸರಲ್ಲಿ ಬರುವುದಲ್ಲವಾ? ಹೋಟೆಲು ಬಂದರೆ ಎಂಥ ನಷ್ಟ? ಹೆಸರು ಕಾಗದದ ಮೇಲೆ ಇರುವುದು, ದೋಸೆಯ ಮೇಲೆ ಅಲ್ಲ."

ಮಡಚಿದ ಸೀರೆಯನ್ನು ಅವಳ ಕೈಯಿಂದ ತೆಗೆದು ನಾನೇ ಕಪಾಟಿನಲ್ಲಿಟ್ಟೆ. ಮಾರನೇ ದಿನ ಸೇಠರಿಗೆ ಆಗಲಿ ಎಂದೆ. ಅವಳು ಸಹಿ ಹಾಕಿದಳು, ನಾನು ಪಕ್ಕದಲ್ಲಿ ನಿಂತಿದ್ದೆ.

ಈಗ ನಾನು ಬೆಳಗ್ಗೆ ಸಾಂಬಾರಿನ ರುಚಿ ನೋಡುತ್ತೇನೆ, ಸಾಮಾನು ಇಳಿಸಿಕೊಳ್ಳುತ್ತೇನೆ, ಫ್ಯಾನಿನಿಂದ ದೂರದ ಟೇಬಲಿನಲ್ಲಿ ಕೂರುತ್ತೇನೆ. ಉರಿ ಕೆಲವು ದಿನ ಬರುವುದೇ ಇಲ್ಲ, ಕೆಲವು ದಿನ ಹೇಳದೆ ಬರುತ್ತದೆ. ಮೊನ್ನೆ ಹೊಸ ಎಣ್ಣೆ ಕಂಪನಿಯ ಒಬ್ಬ ಸೇಲ್ಸ್‌ಮನ್ ಬಂದು, ನನ್ನ ಬಿಳಿ ಅಂಗಿ ನೋಡಿ ನೇರ ನನ್ನ ಹತ್ತಿರ ಬಂದ. ಮಾಲೀಕರು ನೀವೇ ಅಲ್ಲವಾ ಎಂದು ಸ್ಯಾಂಪಲ್ ಬಾಟ್ಲಿ ಮುಂದಿಟ್ಟ. ನಾನು ಕೈ ಎತ್ತಿ ಗಲ್ಲಾದ ಕಡೆ ತೋರಿಸಿದೆ. ಎತ್ತುವಾಗ ಅಂಗಿ ಪಕ್ಕೆಗೆ ಸವರಿ ಚುರ್ರೆಂದಿತು. ಅವನು ಹೆಂಗಸನ್ನು ಕಂಡು ಮತ್ತೆ ನನ್ನ ಕಡೆ ತಿರುಗಿದ. ಅವನು ಅತ್ತ ಹೋಗುವವರೆಗೆ ನಾನು ಕೈ ಇಳಿಸಲಿಲ್ಲ.